ಮನೆಗೆ ಟೆಲಿವಿಷನ್, ಸಂಘಕ್ಕೆ ಪ್ರೊಜೆಕ್ಟರ್

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ನಮ್ಮ ಹಿರಿಯರು ನುಡಿದಾಗ ಅವರ ಮನಸ್ಸಿನಲ್ಲಿದ್ದುದು ಉಡುಗೆ ತೊಡುಗೆಯ ವಿಚಾರ. ಇಂದು ಮನೆಯೊಳಗೆ ಕುಳಿತು ನಾವು ನೋಡುವ ನೋಟವೂ ಪರರ ಇಚ್ಛೆಗೆ, ಅದರಲ್ಲಿಯೂ ಅಂಗಡಿಯವರ ಜಾಹೀರಾತಿಗೆ ಒಳಗಾಗುತ್ತಿದೆ. ಓಣಂ ಹಬ್ಬ ಸಮೀಪಿಸಿತೆಂದರೆ ಕೊಚ್ಚಿ, ತಿರುವನಂತಪುರಗಳ ಅಂಗಡಿಗಳಲ್ಲಿ ರಿಯಾಯಿತಿಯ ಫಲಕಗಳು ಮೇಲೇಳುತ್ತವೆ. 2025ರ ಸೆಪ್ಟೆಂಬರ್ 22ರಿಂದ 32 ಅಂಗುಲಕ್ಕೆ ಮೀರಿದ ಟೆಲಿವಿಷನ್ನುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಇದರಿಂದ ದೊಡ್ಡ ಪರದೆಯ ಆಸೆ ಇನ್ನಷ್ಟು ಬಲಿತಿದೆ. ಇತ್ತ, ಗೋಡೆಯನ್ನೇ ಚಿತ್ರಮಂದಿರವನ್ನಾಗಿಸುವೆವೆಂದು ಸಾರುವ ಚಿಕ್ಕ ಪ್ರೊಜೆಕ್ಟರುಗಳೂ ಮಾರುಕಟ್ಟೆಗೆ ಬಂದಿವೆ. ಇವೆರಡರಲ್ಲಿ ಯಾವುದನ್ನು ಕೊಳ್ಳುವುದು ಲೇಸು ಎಂಬ ಪ್ರಶ್ನೆ ನಮ್ಮ ಸದಸ್ಯರ ಮನೆಗಳಲ್ಲಿ ಆಗಾಗ ಏಳುತ್ತಿರುವುದು ಸಹಜವೇ ಆಗಿದೆ.

ಈ ಪ್ರಶ್ನೆಗೆ ಬೆಲೆಯ ಪಟ್ಟಿಯಲ್ಲಿ ಉತ್ತರವಿಲ್ಲ. ನಮ್ಮ ಕೋಣೆಯ ಬೆಳಕಿನಲ್ಲಿ, ಈ ಊರಿನ ಹವೆಯಲ್ಲಿ, ಜೊತೆಗೆ ಕುಳಿತು ನೋಡುವವರ ಸಂಖ್ಯೆಯಲ್ಲಿ ಅದನ್ನು ಅರಸಬೇಕು. ಹಾಗೆ ಅರಸಿದಲ್ಲಿ ಮನೆಗೆ ಚಪ್ಪಟೆ ಪರದೆಯ ಟೆಲಿವಿಷನ್ ತಕ್ಕದ್ದೆಂದೂ, ಸಂಘಕ್ಕೆ ಪ್ರೊಜೆಕ್ಟರ್ ತಕ್ಕದ್ದೆಂದೂ ನನಗೆ ತೋರುತ್ತದೆ.

ಮೊದಲು ಬೆಳಕಿನ ಲೆಕ್ಕವನ್ನು ನೋಡೋಣ. ಕರ್ಣದಲ್ಲಿ 100 ಅಂಗುಲದ ಚಿತ್ರವೆಂದರೆ ಸುಮಾರು 221 ಸೆಂಟಿಮೀಟರ್ ಅಗಲ, 125 ಸೆಂಟಿಮೀಟರ್ ಎತ್ತರ. ವಿಸ್ತೀರ್ಣ ಹೆಚ್ಚು ಕಡಿಮೆ 2.75 ಚದರ ಮೀಟರ್. 500 ಲ್ಯೂಮೆನ್ ಬೆಳಕು ಕೊಡುವ ಚಿಕ್ಕ ಪ್ರೊಜೆಕ್ಟರ್ ಇಷ್ಟು ಜಾಗಕ್ಕೆ ಹಂಚಬಲ್ಲ ಬೆಳಕು ಸುಮಾರು 180 ಲಕ್ಸ್ ಮಾತ್ರ. ಕಾಕ್ಕನಾಡಿನಲ್ಲಾಗಲಿ ಕಳಕ್ಕೂಟ್ಟಂನಲ್ಲಾಗಲಿ, ದೊಡ್ಡ ಕಿಟಕಿಗಳೂ ಬಿಳಿಯ ಗೋಡೆಗಳೂ ಇರುವ ಫ್ಲ್ಯಾಟಿನಲ್ಲಿ ಹಗಲು ಹೊತ್ತು ಗೋಡೆಯ ಮೇಲೆ ಬೀಳುವ ಬೆಳಕೇ ಇದನ್ನು ಸುಲಭವಾಗಿ ಮೀರಿಸುತ್ತದೆ. ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಲ್ಲುದು, ಕತ್ತಲೆಯನ್ನು ಚೆಲ್ಲಲಾರದು. ಆದುದರಿಂದ ಚಿತ್ರದೊಳಗಿನ ಕಪ್ಪು, ಕೋಣೆಯ ಗೋಡೆಗಿಂತ ಹೆಚ್ಚು ಕಪ್ಪಾಗುವುದು ಸಾಧ್ಯವಿಲ್ಲ. ಹಗಲಿನಲ್ಲಿ ಚಿತ್ರ ಮಂಕಾಗುವುದಕ್ಕೆ ಇದೇ ಕಾರಣ. ಕಿಟಕಿ ಮುಚ್ಚಿ ಪರದೆ ಎಳೆಯೋಣವೆಂದರೆ, ಏಪ್ರಿಲ್ ತಿಂಗಳ ಕೊಚ್ಚಿಯ ಸೆಕೆಯನ್ನು ಬಲ್ಲವರಾರೂ ಅದಕ್ಕೆ ಸಂತೋಷದಿಂದ ಒಪ್ಪಲಾರರು. ಕತ್ತಲೆಯ ಕೋಣೆಯಲ್ಲಿ ನೆಲದ ಮೇಲೆ ಹರಿದ ವಯರುಗಳ ನಡುವೆ, ಊರಿನಿಂದ ಬಂದ ವಯೋವೃದ್ಧ ತಂದೆತಾಯಿಗಳು ಎಡವಿ ಬೀಳುವ ಅಪಾಯವೂ ಕಡಿಮೆಯದಲ್ಲ.

ಇನ್ನು ಹವೆಯ ಮಾತು. ಜೂನ್ ತಿಂಗಳಲ್ಲಿ ಕಾಲಿಡುವ ಮಳೆಗಾಲದ ತೇವಕ್ಕೆ ಚರ್ಮದ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಈ ನಾಡಿನಲ್ಲಿ ಪ್ರೊಜೆಕ್ಟರಿನ ಮಸೂರಕ್ಕೂ ಅದೇ ಗತಿ. ವಾರಗಟ್ಟಲೆ ಬಳಸದೆ ಚೀಲದಲ್ಲಿ ಕಟ್ಟಿಟ್ಟರಂತೂ ಕೇಳುವುದೇ ಬೇಡ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಗಾಳಿಯಾಡದ ಡಬ್ಬಿಯಲ್ಲಿಡುವುದು, ತಿಂಗಳಿಗೊಮ್ಮೆ ಹೊರತೆಗೆದು ನಡೆಸುವುದು ಅವಶ್ಯ. ತುಲಾವರ್ಷದ ಸಂಜೆಗಳ ಗುಡುಗು ಸಿಡಿಲಿಗೆ ಟೆಲಿವಿಷನ್ ಆಗಲಿ ಪ್ರೊಜೆಕ್ಟರ್ ಆಗಲಿ ಭೇದವಿಲ್ಲ. ಮೋಡ ಕವಿಯುತ್ತಿದ್ದಂತೆ ಪ್ಲಗ್ಗನ್ನೂ ಕೇಬಲ್ ತಂತಿಯನ್ನೂ ಕಳಚಿಡುವ ಮಲಯಾಳಿ ನೆರೆಯವರ ಪದ್ಧತಿಯನ್ನು ನಾವೂ ಅನುಸರಿಸತಕ್ಕದ್ದು.

ವಿದ್ಯುತ್ತಿನ ಖರ್ಚನ್ನೂ ಮರೆಯುವಂತಿಲ್ಲ. ದಿನಕ್ಕೆ ನಾಲ್ಕು ಗಂಟೆ ನಡೆದರೆ, 100 ವ್ಯಾಟಿನ ಟೆಲಿವಿಷನ್ ಎರಡು ತಿಂಗಳ ಬಿಲ್ಲಿಗೆ ಸೇರಿಸುವುದು 24 ಯೂನಿಟ್. 300 ವ್ಯಾಟಿನ ದೀಪವುಳ್ಳ ಪ್ರೊಜೆಕ್ಟರ್ ಸೇರಿಸುವುದು 72 ಯೂನಿಟ್. ದೀಪದ ಆಯುಷ್ಯ 4,000 ಗಂಟೆಯೆಂದಿಟ್ಟುಕೊಂಡರೆ ಇದೇ ಬಳಕೆಗೆ ಮೂರು ವರ್ಷದೊಳಗೆ ಹೊಸ ದೀಪ ಬೇಕು. ಎಲ್.ಇ.ಡಿ. ಅಥವಾ ಲೇಸರ್ ಬೆಳಕಿನವು 20,000 ಗಂಟೆ ಬಾಳುವುವೆಂದು ತಯಾರಕರು ಹೇಳುತ್ತಾರೆ. ಕೊಳ್ಳುವವರು ‘ಎಂಟು ಸಾವಿರ ಲ್ಯೂಮೆನ್’ ಎಂಬಂತಹ ದೊಡ್ಡಕ್ಷರಗಳಿಗೆ ಮರುಳಾಗದೆ, ಆನ್ಸಿ ಅಥವಾ ಐ.ಎಸ್.ಓ. ಅಳತೆಯ ಲ್ಯೂಮೆನ್ ಎಷ್ಟೆಂದು ಕೇಳಿ ತಿಳಿಯಬೇಕು.

ಕಣ್ಣಿನ ವಿಚಾರದಲ್ಲಿ ಒಂದು ತಪ್ಪು ಕಲ್ಪನೆ ಬಲವಾಗಿ ಬೇರೂರಿದೆ. ಪ್ರೊಜೆಕ್ಟರಿನ ಬೆಳಕು ಗೋಡೆಗೆ ತಾಗಿ ಹಿಂದಿರುಗುವುದರಿಂದ ಕಣ್ಣಿಗೆ ತಂಪು, ಟೆಲಿವಿಷನ್ನಿನ ಬೆಳಕು ನೇರವಾಗಿ ಬರುವುದರಿಂದ ಕೇಡು ಎಂಬುದೇ ಆ ಕಲ್ಪನೆ. ಕಣ್ಣಿಗೆ ಗೊತ್ತಿರುವುದು ಬೆಳಕಿನ ಪ್ರಖರತೆಯೇ ಹೊರತು ಅದು ಬಂದ ದಾರಿಯಲ್ಲ. ಗೋಡೆಯ ಚಿತ್ರ ಸೌಮ್ಯವೆನಿಸುವುದು ಅದರ ಪ್ರಕಾಶ ಕಡಿಮೆಯಿರುವುದರಿಂದ. ಟೆಲಿವಿಷನ್ನಿನ ಪ್ರಕಾಶವನ್ನು ತಗ್ಗಿಸಿ, ಹಿಂದೆ ಒಂದು ಸಣ್ಣ ದೀಪವನ್ನು ಉರಿಯಬಿಟ್ಟರೆ ಅದೇ ಸೌಖ್ಯ ಅಲ್ಲಿಯೂ ದೊರೆಯುತ್ತದೆ. ಪ್ರೊಜೆಕ್ಟರಿಗೇ ವಿಶಿಷ್ಟವಾದ ಅಪಾಯವೊಂದುಂಟು. ಅದರ ಮಸೂರದೊಳಕ್ಕೆ ಹತ್ತಿರದಿಂದ ದಿಟ್ಟಿಸಿ ನೋಡುವುದು ಕಣ್ಣಿಗೆ ಹಾನಿಕರ; ಮಕ್ಕಳ ಕಣ್ಣಿನ ಎತ್ತರದಲ್ಲಿ ಅದನ್ನು ಇಡಲೇಬಾರದು. ಹಾಗೆಯೇ ಟೆಲಿವಿಷನ್ನನ್ನು ಗೋಡೆಗೆ ಬಿಗಿಯದೆ ಮೇಜಿನ ಅಂಚಿನಲ್ಲಿಟ್ಟರೆ ಅಂಬೆಗಾಲಿಡುವ ಕೂಸು ಎಳೆದು ಮೈಮೇಲೆ ಕೆಡವಿಕೊಳ್ಳುವ ಭಯವಿದೆ.

ವಾಸ್ತವದಲ್ಲಿ ಮಕ್ಕಳ ಕಣ್ಣಿಗೆ ಹೆಚ್ಚು ಶ್ರಮ ಕೊಡುವುದು ಇವೆರಡೂ ಅಲ್ಲ. ಅಂಗೈಯಲ್ಲಿರುವ ಮೊಬೈಲ್ ಫೋನು. ಮೂರು ಮೀಟರ್ ದೂರದ ಪರದೆಯನ್ನು ನೋಡುವಾಗ ಕಣ್ಣಿನೊಳಗಿನ ಸ್ನಾಯು ಮಾಡುವ ಕೆಲಸಕ್ಕಿಂತ 30 ಸೆಂಟಿಮೀಟರ್ ದೂರದ ಫೋನನ್ನು ನೋಡುವಾಗಿನ ಕೆಲಸ ಹತ್ತು ಪಟ್ಟು ಹೆಚ್ಚು. ಆದುದರಿಂದ ಮಗುವಿನ ಕೈಯಿಂದ ಫೋನನ್ನು ಬಿಡಿಸಿ ದೂರದ ಪರದೆಯ ಮುಂದೆ ಕೂರಿಸುವುದು ಲಾಭವೇ ಸರಿ. ಆದರೆ ಅದಕ್ಕೂ ಮಿತಿ ಬೇಕು. ಒಂದು ವರ್ಷದೊಳಗಿನ ಶಿಶುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಹಗಲಿನಲ್ಲಿ ಬಯಲಿನ ಬೆಳಕಿಗೆ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ಕಡಿಮೆಯೆಂಬುದೂ ಸಿದ್ಧವಾದ ಮಾತು. ಎಷ್ಟೇ ಉತ್ತಮ ಪರದೆಯೂ ಅಂಗಳದ ಆಟಕ್ಕೆ ಬದಲಿಯಾಗಲಾರದು.

ಪ್ರೊಜೆಕ್ಟರ್ ನಿರುಪಯುಕ್ತವೆಂದು ಇದರಿಂದ ಯಾರೂ ಭಾವಿಸಬಾರದು. ಯಾವುದಕ್ಕೆ ಎಲ್ಲಿ ಸ್ಥಾನವೆಂಬುದನ್ನು ನಾವು ನೆಲಸಿರುವ ಈ ರಾಜ್ಯವೇ ತೋರಿಸಿಕೊಟ್ಟಿದೆ. 2018ರಲ್ಲಿ ಆರಂಭವಾದ ಯೋಜನೆಯಲ್ಲಿ ಕೇರಳ ಸರಕಾರ 45,000 ತರಗತಿಗಳಿಗೆ ಲ್ಯಾಪ್‌ಟಾಪಿನೊಡನೆ ಪ್ರೊಜೆಕ್ಟರನ್ನು ಒದಗಿಸಿತು. ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ, 2020ರ ಜೂನ್ 1ರಿಂದ ‘ಫಸ್ಟ್ ಬೆಲ್’ ಪಾಠಗಳು ವಿಕ್ಟರ್ಸ್ ವಾಹಿನಿಯ ಮೂಲಕ ಮನೆಮನೆಯ ಟೆಲಿವಿಷನ್ನಿಗೆ ಬಂದವು. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡ ಪಾಠಗಳೂ ಸಿದ್ಧವಾದವು. ಕೂಡಿ ಕಲಿಯುವಲ್ಲಿ ಪ್ರೊಜೆಕ್ಟರ್, ಮನೆಯಲ್ಲಿ ಟೆಲಿವಿಷನ್ ಎಂಬ ವಿವೇಕ ಇಲ್ಲಿದೆ.

ಕೂಡಿ ನೋಡುವ ಪರಂಪರೆಯೂ ಎರಡು ನಾಡುಗಳಿಗೆ ಹೊಸದಲ್ಲ. ಅಡೂರ್ ಗೋಪಾಲಕೃಷ್ಣನ್ ಮತ್ತು ಗೆಳೆಯರು 1965ರಲ್ಲಿ ತಿರುವನಂತಪುರದಲ್ಲಿ ‘ಚಿತ್ರಲೇಖ’ ಫಿಲ್ಮ್ ಸೊಸೈಟಿಯನ್ನು ಕಟ್ಟಿದರು. ನಮ್ಮ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ, ಅಡಿಕೆ ತೋಟದ ಹಳ್ಳಿಗರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು. ಒಂದು ಪ್ರೊಜೆಕ್ಟರ್, ಒಂದು ಬಿಳಿಯ ಪರದೆ, ಒಟ್ಟಿಗೆ ಕುಳಿತ ಜನ, ಚಿತ್ರ ಮುಗಿದ ಮೇಲೆ ನಡೆದ ಚರ್ಚೆ ಇವೇ ಅವರ ಬಂಡವಾಳ. ತಿರುವನಂತಪುರ ದೂರದರ್ಶನದ ಮಲಯಾಳ ಪ್ರಸಾರ 1985ರಲ್ಲಿ ಆರಂಭವಾದ ಕಾಲದಲ್ಲಿ ಟೆಲಿವಿಷನ್ ಕೂಡ ಇಂತಹ ಕೂಟವೇ ಆಗಿತ್ತು. ಒಂದು ಮನೆಯ ಪೆಟ್ಟಿಗೆಯ ಮುಂದೆ ನೆರೆಕರೆಯವರೆಲ್ಲ ಸೇರುತ್ತಿದ್ದರು. ಇಂದು ಒಂದೇ ಮನೆಯ ನಾಲ್ವರು ನಾಲ್ಕು ಪರದೆಗಳ ಮುಂದೆ ಕುಳಿತಿರುವುದು ಶೋಚನೀಯ.

ಪರನಾಡಿನ ಕನ್ನಡಿಗರಿಗೆ ಈ ನಷ್ಟ ಇಮ್ಮಡಿಯಾದುದು. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮಲಯಾಳ ಆಡುತ್ತಾರೆ. ಕನ್ನಡ ಅವರ ಕಿವಿಗೆ ಬೀಳುವುದು ತಂದೆತಾಯಿಯರ ಬಾಯಿಂದ ಮಾತ್ರ. ಹತ್ತು ಕುಟುಂಬಗಳ ಮಕ್ಕಳು ಸೇರಿ ಒಂದು ಕನ್ನಡ ಚಿತ್ರವನ್ನೋ ಯಕ್ಷಗಾನದ ಪ್ರಸಂಗವನ್ನೋ ನೋಡಿ ಒಟ್ಟಿಗೆ ನಕ್ಕರೆ, ಈ ನುಡಿ ತಮ್ಮ ಮನೆಗಷ್ಟೇ ಸೇರಿದ್ದಲ್ಲವೆಂಬ ಅರಿವು ಅವರಲ್ಲಿ ತಾನಾಗಿ ಮೂಡುತ್ತದೆ. ಆದುದರಿಂದ ಸದಸ್ಯರು ಮನೆಗೆ ಮಿತವಾದ ಅಳತೆಯ ಟೆಲಿವಿಷನ್ ಕೊಂಡು, ಉಳಿಸಿದ ಹಣದಲ್ಲಿ ಒಂದು ಪಾಲನ್ನು ಸಂಘಕ್ಕಿತ್ತರೆ, ಮೂರು ಸಾವಿರ ಲ್ಯೂಮೆನ್ನಿನ ಒಳ್ಳೆಯ ಪ್ರೊಜೆಕ್ಟರನ್ನು ಸಂಘವೇ ಕೊಳ್ಳಬಹುದು. ತಿಂಗಳಿಗೊಂದು ಸಂಜೆ, ದೀಪ ಆರಿಸಿದ ಸಭಾಂಗಣದಲ್ಲಿ ಪ್ರದರ್ಶನ ಏರ್ಪಡಲಿ. ಮನೆಯ ಬಳಕೆಗೆಂದು ಪಡೆದ ಚಂದಾ ಸಾರ್ವಜನಿಕ ಪ್ರದರ್ಶನಕ್ಕೆ ಸಲ್ಲದು. ಹಕ್ಕುದಾರರ ಅನುಮತಿಯನ್ನು ಮೊದಲೇ ಪಡೆಯುವುದು ನ್ಯಾಯ.

ಬರಲಿರುವ ರಾಜ್ಯೋತ್ಸವದ ವೇಳೆಗೆ ಕಾರ್ಯಕಾರಿ ಸಮಿತಿಯು ಈ ವಿಚಾರವನ್ನು ಕೈಗೆತ್ತಿಕೊಳ್ಳಲೆಂದು ಕೋರುತ್ತೇನೆ. ಪರದೆ ಎಷ್ಟು ಅಂಗುಲದ್ದೆಂಬುದಕ್ಕಿಂತ ಅದರ ಮುಂದೆ ಎಷ್ಟು ಜನ ಜೊತೆಗೂಡಿ ಕುಳಿತರೆಂಬುದೇ ನಮ್ಮ ಆರೋಗ್ಯಕ್ಕೂ ನಮ್ಮ ಭಾಷೆಗೂ ಸರಿಯಾದ ಅಳತೆ.