ಗಡಿಯಾರದ ಮೇಲಿನ ಗೀರು

ಸಂಡೂರಿನ ಗಣಿಯಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿ ಮೊನ್ನೆ ಹೊಸಪೇಟೆಗೆ ಬಂದವನು ಕೈಗಡಿಯಾರ ಬಿಚ್ಚಿ ಮುಂದಿಟ್ಟ. ಚಿನ್ನ, ಉಕ್ಕು ಎರಡೂ ಇರುವ ದುಬಾರಿ ಗಡಿಯಾರ; ಮದುವೆಯಲ್ಲಿ ಮಾವ ಕೊಟ್ಟದ್ದು. ಮೂರೇ ತಿಂಗಳಲ್ಲಿ ಚೈನಿನ ತುಂಬ ಗೀರು, ಅದರಲ್ಲೂ ಚಿನ್ನದ ಕೊಂಡಿಗಳ ಮೇಲೆ.

“ದಿನಾ ಒರೆಸ್ತೀನಿ ಸರ್, ಆದ್ರೂ ಹೀಗೆ. ಪಾಲಿಷ್ ಮಾಡಿಸಿಬಿಡ್ಲಾ?”

ಒರೆಸಿದ್ದೇ ತಪ್ಪು! ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಟ್ಟ. ಹೆಚ್ಚು ಅಂಕದ್ದು ಕಡಿಮೆ ಅಂಕದ್ದನ್ನು ಗೀರುತ್ತದೆ. ಅಪ್ಪಟ ಚಿನ್ನಕ್ಕೆ ಸುಮಾರು 2.5, ಬೆಳ್ಳಿ, ತಾಮ್ರ ಬೆರೆಸಿದರೆ ತುಸು ಹೆಚ್ಚು. ಗಡಿಯಾರದ ಉಕ್ಕಿಗೆ ಐದರ ಆಸುಪಾಸು. ಸಂಡೂರಿನ ಅದಿರು ಹೆಮಟೈಟ್‌ಗೆ ಆರರವರೆಗೂ ಉಂಟು; ಹಂಪಿಯ ಬಂಡೆಗಳಲ್ಲಿರುವ ಬೆಣಚುಕಲ್ಲಿಗೆ 7. ಇಂಥ ದೂಳಿನ ಮೇಲೆ ಒಣಬಟ್ಟೆ ಉಜ್ಜಿದರೆ ಉಪ್ಪುಕಾಗದ ತಿಕ್ಕಿದಂತೆಯೇ. ಮೊದಲು ಮೆತ್ತನೆಯ ಬ್ರಷ್‌ನಿಂದ ದೂಳು ಝಾಡಿಸಿ ಆಮೇಲೆ ಒರೆಸಬೇಕು.

ಪಾಲಿಷ್ ಎಂದರೆ ಗೀರು ತುಂಬುವುದಲ್ಲ. ಗೀರಿನ ಆಳದವರೆಗೆ ಸುತ್ತಲಿನ ಲೋಹವನ್ನು ಸವೆಸುವುದು. ನಮ್ಮ ತಂದೆಯ ಚಿನ್ನದ ಲೇಪದ ಎಚ್‌ಎಂಟಿಯನ್ನು ಹೀಗೆ ಹೊಳೆಯಿಸಲು ಹೋಗಿ ಒಳಗಿನ ಹಿತ್ತಾಳೆ ಕಾಣಿಸಿಕೊಂಡಿತು. ಕಂಪ್ಲಿಯ ಗದ್ದೆಯಲ್ಲಿ ದುಡಿದ ಅವರ ಕೈಗುರುತಿನಂತಿದ್ದ ಗೀರುಗಳೂ ಹೋದವು. ಲೇಪವನ್ನು ಮತ್ತೆ ಹಾಕಿಸಬಹುದು; ಆ ಗೀರುಗಳನ್ನು ಯಾರು ಕೊಡುತ್ತಾರೆ?

“ಅಕ್ಕಸಾಲಿಗ ಚಿನ್ನದ ಬೆಲೆ ತಿಳಿಯುವುದೂ ಒರೆಗಲ್ಲಿಗೆ ಉಜ್ಜಿಯೇ ಅಲ್ಲವೇ? ನಿನ್ನ ಮಾವನಿಗೂ ಅದನ್ನೇ ಹೇಳು” ಎಂದೆ.

ಹುಡುಗ ನಕ್ಕು ಗಡಿಯಾರ ಕಟ್ಟಿಕೊಂಡ.