ತಯಾರಕರಿಲ್ಲದ ವಾಹನದ ಒಡೆತನ

ವಾಹನದ ಒಡೆತನವೆಂಬುದು ಕಾನೂನಿನ ದೃಷ್ಟಿಯಲ್ಲಿ ನೋಂದಣಿ ಪತ್ರದ ಮೇಲೆ ಬರೆದ ಹೆಸರು. ಬಳಕೆಯ ದೃಷ್ಟಿಯಲ್ಲಾದರೆ ಅದು ಕೆಟ್ಟಾಗ ಸರಿಪಡಿಸಿಕೊಂಡು ಬೇಕೆಂದಾಗ ಓಡಿಸಬಲ್ಲ ಸಾಮರ್ಥ್ಯ. ತಯಾರಿಸಿದ ಕಂಪನಿ ನಡೆಯುತ್ತಿರುವವರೆಗೆ ಈ ಎರಡರ ನಡುವಿನ ಅಂತರ ಯಾರ ಕಣ್ಣಿಗೂ ಬೀಳುವುದಿಲ್ಲ. ಕಂಪನಿ ಬಾಗಿಲು ಹಾಕಿದ ದಿನದಿಂದ ಪತ್ರದ ಮೇಲಿನ ಒಡೆತನ ಹಾಗೆಯೇ ಉಳಿದು, ಬಳಕೆಯ ಒಡೆತನ ಮಾತ್ರ ಬಿಡಿಭಾಗಗಳ ದಾಸ್ತಾನು ಕರಗಿದಂತೆಲ್ಲ ಕರಗತೊಡಗುತ್ತದೆ. ಹಾಗೆ ಕರಗುವುದು ಅನಿವಾರ್ಯವೇ, ಅದನ್ನು ತಡೆಯುವ ಹೊಣೆ ಯಾರದು ಎಂಬುದು ಕೇವಲ ವಾಹನಪ್ರಿಯರ ಕಾಳಜಿಯಲ್ಲ. ಯಂತ್ರಗಳನ್ನು ನೆಚ್ಚಿ ಬದುಕುವ ಪ್ರತಿಯೊಂದು ಸಮುದಾಯದ ಕಾಳಜಿ. ಮಲೆ ಮಹದೇಶ್ವರ ಬೆಟ್ಟದಂಥ ಸೀಮೆಯಲ್ಲಿ ಅದು ಇನ್ನಷ್ಟು ತೀವ್ರವಾಗುತ್ತದೆ.

ದಾರಿಯಿಲ್ಲದ ದಾರಿಯಲ್ಲಿ, ಅಂದರೆ ಕಲ್ಲು, ಕೆಸರು, ಹಳ್ಳ, ಕಡಿದಾದ ಏರುಗಳಲ್ಲಿ ಓಡಲೆಂದೇ ಎತ್ತರದ ಮೈಕಟ್ಟು, ಉದ್ದನೆಯ ಶಾಕ್ ಅಬ್ಸಾರ್ಬರ್ ಮತ್ತು ಉಬ್ಬುಗೆರೆಗಳ ಟೈರು ಕೊಟ್ಟು ರೂಪಿಸಿದ ಬೈಕನ್ನು ಆಫ್‌ರೋಡ್ ಬೈಕು ಎನ್ನುತ್ತಾರೆ. ಪಟ್ಟಣಗಳಲ್ಲಿ ಇದು ಹವ್ಯಾಸದ ವಸ್ತು, ಬೆಟ್ಟದ ಸೀಮೆಯಲ್ಲಿ ಹಾಗಲ್ಲ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದಲ್ಲಿ ಘಾಟಿ ಏರುವ ಡಾಂಬರು ರಸ್ತೆ ಮಹದೇಶ್ವರ ದೇವಸ್ಥಾನದವರೆಗೆ ಚೆನ್ನಾಗಿಯೇ ಇದೆ. ಅಲ್ಲಿಂದ ಕಾಡಿನೊಳಗಿನ ಇಂಡಿಗನತ್ತ, ತುಳಸಿಕೆರೆ, ಪಡಸಲನತ್ತಗಳ ಕಡೆಗೆ ತಿರುಗಿದರೆ ಬಹುಕಾಲದಿಂದ ಉಳಿದಿರುವುದು ಕಲ್ಲು ಎದ್ದ ಮಣ್ಣಿನ ಜಾಡು. ರೋಗಿಗಳನ್ನೂ ಬಸುರಿಯರನ್ನೂ ಡೋಲಿ ಕಟ್ಟಿ ಹೊತ್ತು ತಂದ ಸುದ್ದಿಗಳು ಈ ಊರುಗಳಿಂದ ಮತ್ತೆ ಮತ್ತೆ ಬಂದಿವೆ. ಅರಣ್ಯ ಇಲಾಖೆ ‘ಜನ-ವನ ಸೇತುವೆ’ ಎಂಬ ಹೆಸರಿನಲ್ಲಿ ಜೀಪುಗಳನ್ನು ಓಡಿಸಬೇಕಾಗಿ ಬಂದದ್ದೂ ಇದೇ ಕಾರಣಕ್ಕೆ. ಇಲ್ಲಿನವರಿಗೆ ಆಫ್‌ರೋಡ್ ಎಂಬುದು ಬೈಕಿನ ಒಂದು ಜಾತಿಯಲ್ಲ, ಮನೆಯ ಮುಂದಿನ ದಾರಿ. ರೇಷನ್ನಿಗೆ, ಆಸ್ಪತ್ರೆಗೆ, ಸಂತೆಗೆ ಆ ದಾರಿಯಲ್ಲಿ ಓಡುವ ಯಾವ ಬೈಕೇ ಆಗಲಿ, ಅದು ಆಫ್‌ರೋಡ್ ಬೈಕೇ. ಹೀಗಾಗಿ ಬೈಕನ್ನು ಅಳೆಯುವ ಮಾನದಂಡವೂ ಇಲ್ಲಿ ಬೇರೆ: ಅದು ಎಷ್ಟು ಎತ್ತರಕ್ಕೆ ಹಾರುತ್ತದೆ ಎಂಬುದಲ್ಲ, ಕೆಟ್ಟು ನಿಂತರೆ ಎಷ್ಟು ದೂರದೊಳಗೆ, ಯಾರ ಕೈಯಲ್ಲಿ ಸರಿಯಾಗುತ್ತದೆ ಎಂಬುದು.

ಈ ಮಾನದಂಡಕ್ಕೆ ಒಡ್ಡಿ ನೋಡಲು ತಕ್ಕ ಉದಾಹರಣೆ ನೆರೆಯ ಮೈಸೂರಿನಲ್ಲೇ ಇದೆ. ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಪರವಾನಗಿ ಪಡೆದು ತಯಾರಿಸಲು ರುಸ್ತುಂ ಇರಾನಿಯವರು ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿ, ಜಯಚಾಮರಾಜ ಒಡೆಯರ ಪ್ರೋತ್ಸಾಹದೊಂದಿಗೆ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಲ್ಲಿ ಉತ್ಪಾದನೆ ಆರಂಭಿಸಿತು. 1973ರ ಸುಮಾರಿಗೆ ಬೈಕುಗಳ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1980ರ ದಶಕದ ನಡುವೆ ಜಪಾನಿ ಸಹಯೋಗದ, ಪೆಟ್ರೋಲನ್ನು ಮಿತವಾಗಿ ಕುಡಿಯುವ 100 ಸಿಸಿ ಬೈಕುಗಳು ಮಾರುಕಟ್ಟೆಯನ್ನು ಆವರಿಸಿಕೊಂಡವು. ಸಾಲ, ಕಾರ್ಮಿಕ ಬಿಕ್ಕಟ್ಟು, ಬಿಗಿಯಾಗುತ್ತ ಹೋದ ಹೊಗೆ ನಿಯಮಗಳು ಅದಕ್ಕೆ ಜೊತೆಯಾಗಿ 1996ರಲ್ಲಿ ಕಾರ್ಖಾನೆ ಮುಚ್ಚಿತು. ಬೆಟ್ಟದ ಸೀಮೆಗೂ ಈ ಕಾರ್ಖಾನೆಗೂ ಒಂದು ನಂಟಿದೆ: ಮದ್ರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ 1956ರಲ್ಲಿ ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಹೊಸದಾಗಿ ರಚನೆಯಾದ ಚಾಮರಾಜನಗರ ಜಿಲ್ಲೆಗೆ ಹೋಯಿತು. ಅಂದರೆ ಈ ಕಾರ್ಖಾನೆಯ ಇಡೀ ಆಯುಸ್ಸು ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಸೇರಿದ್ದ ಅವಧಿಯೊಳಗೇ ಕಳೆಯಿತು. ಈ ಸೀಮೆಯವರಿಗೆ ಯೆಜ್ಡಿ ಎಲ್ಲಿಯದೋ ಬ್ರಾಂಡ್ ಆಗಿರಲಿಲ್ಲ. ತಮ್ಮದೇ ಜಿಲ್ಲಾ ಕೇಂದ್ರದಲ್ಲಿ ಹುಟ್ಟಿದ ಯಂತ್ರವಾಗಿತ್ತು.

ತಯಾರಕರು ಹೋಗಿ ಸುಮಾರು ಮೂರು ದಶಕಗಳಾದರೂ ಯೆಜ್ಡಿಗಳು ಇನ್ನೂ ಓಡುತ್ತಿರುವುದೇಕೆ ಎಂಬುದನ್ನು ಅಭಿಮಾನದ ಮಾತಿನಿಂದ ವಿವರಿಸುವುದು ರೂಢಿ. ನಿಜವಾದ ವಿವರಣೆ ಎಂಜಿನ್ನಿನೊಳಗಿದೆ. ಅದು ಸುಮಾರು 250 ಸಿಸಿಯ, ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಚಲಿಸುವಷ್ಟರಲ್ಲಿ ಇಂಧನವನ್ನು ಎಳೆದುಕೊಂಡು, ಒತ್ತಿ, ಉರಿಸಿ, ಹೊರದೂಡುವ ನಾಲ್ಕೂ ಕೆಲಸಗಳು ಮುಗಿಯುತ್ತವೆ. ಅನಿಲದ ಬರಹೋಗುವಿಕೆಯನ್ನು ಪಿಸ್ಟನ್ನೇ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಮುಚ್ಚಿ ತೆರೆದು ನಡೆಸುವುದರಿಂದ ವಾಲ್ವುಗಳಿಲ್ಲ, ಅವನ್ನು ಆಡಿಸುವ ಕ್ಯಾಮ್‌ಶಾಫ್ಟ್ ಇಲ್ಲ. ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸುವುದರಿಂದ ಎಣ್ಣೆಯ ಪಂಪಿನ ಅಗತ್ಯವೂ ಇಲ್ಲ. ಸಿಲಿಂಡರು ಎರಕದ ಕಬ್ಬಿಣದ್ದು. ಸವೆದಾಗ ಲೇತಿನವರ ಬಳಿ ಬೋರ್ ಮಾಡಿಸಿ, ಕಾಲು ಮಿಲಿಮೀಟರಿನ ಹಂತಗಳಲ್ಲಿ ದೊಡ್ಡದಾಗುತ್ತ ಹೋಗುವ ಪಿಸ್ಟನ್ನುಗಳಲ್ಲಿ ಮುಂದಿನದನ್ನು ಹಾಕಿದರೆ ಅದೇ ಸಿಲಿಂಡರು ಇನ್ನೊಂದು ಆಯುಸ್ಸು ಬದುಕುತ್ತದೆ. ಕಿಕ್ಕರು ಮತ್ತು ಗೇರಿನ ಕೆಲಸ ಎರಡನ್ನೂ ಒಂದೇ ಸನ್ನೆಯಿಂದ ಮಾಡಿಸುವ, ಗೇರು ಬದಲಿಸುವಾಗ ಕ್ಲಚ್ಚು ತಾನಾಗಿ ಬಿಡಿಸಿಕೊಳ್ಳುವ ಜಾಣ ಏರ್ಪಾಡುಗಳಿದ್ದರೂ, ಅವೂ ಕಣ್ಣಿಗೆ ಕಾಣುವ, ಬಿಚ್ಚಿ ಕೈಯಲ್ಲಿ ಹಿಡಿಯಬಹುದಾದ ಲೋಹದ ತುಂಡುಗಳೇ. ಎರಡು ಸೈಲೆನ್ಸರುಗಳಲ್ಲಿ ಮಸಿ ಕಟ್ಟಿಕೊಂಡರೆ ಕೆರೆದು ತೆಗೆಯಲು ಕಂಪನಿಯ ಉಪಕರಣವೇನೂ ಬೇಕಿಲ್ಲ.

ಇದರ ಅರ್ಥ ದೊಡ್ಡದು. ಯಂತ್ರದ ರಚನೆಯೇ ತನ್ನನ್ನು ಸರಿಪಡಿಸುವ ವಿಧಾನವನ್ನು ಬಿಚ್ಚಿ ನೋಡಿದವನಿಗೆ ಹೇಳಿಕೊಡುವಂತಿದ್ದರೆ, ತಯಾರಕರ ಜ್ಞಾನ ಕಾರ್ಖಾನೆಯ ಗೋಡೆಯೊಳಗೆ ಉಳಿಯದೆ ಊರೂರಿನ ಗ್ಯಾರೇಜುಗಳಿಗೆ ಹರಡಿಕೊಳ್ಳುತ್ತದೆ. ಆಗ ಕಾರ್ಖಾನೆ ಮುಚ್ಚಿದರೂ ಆ ಜ್ಞಾನ ಮುಚ್ಚುವುದಿಲ್ಲ. ಮಹದೇಶ್ವರರ ಕಥನ ಓಲೆಗರಿಗೆ ಕಟ್ಟುಬೀಳದೆ ಕಂಸಾಳೆ ಬಾರಿಸುತ್ತ ಅದನ್ನು ಹಾಡುವ ದೇವರಗುಡ್ಡರ ನಾಲಗೆಯ ಮೇಲೆ ತಲೆಮಾರುಗಳನ್ನು ದಾಟಿ ಬಂದಂತೆಯೇ, ಈ ಎಂಜಿನ್ನಿನ ವಿದ್ಯೆಯೂ ಗುರುವಿನ ಪಕ್ಕದಲ್ಲಿ ಕುಳಿತ ಹುಡುಗನ ಕೈಗೆ ದಾಟಿದೆ. ಬ್ರಾಂಡು ಸತ್ತ ಮೇಲೆ ಬೈಕನ್ನು ಉಳಿಸುವುದು ಈ ದಾಟುವಿಕೆಯೇ ಹೊರತು ಮಾಲೀಕನ ಪ್ರೀತಿಯೊಂದೇ ಅಲ್ಲ. ಪ್ರೀತಿಯಿದ್ದೂ ವಿದ್ಯೆಯಿಲ್ಲದಿದ್ದರೆ ಬೈಕು ಜಗುಲಿಯ ಮೂಲೆ ಸೇರುತ್ತದೆ.

ಆಫ್‌ರೋಡ್ ಎಂದೇ ರೂಪಿಸಿದ ಬೈಕಿನ ಪಾಡನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹೀರೋ ಕಂಪನಿ 2011ರಲ್ಲಿ ಬಿಡುಗಡೆ ಮಾಡಿ ಕೆಲವೇ ವರ್ಷಗಳಲ್ಲಿ ನಿಲ್ಲಿಸಿದ 150 ಸಿಸಿಯ ಇಂಪಲ್ಸ್, ಭಾರತದ ರಸ್ತೆಗೆ ಕಡಿಮೆ ಬೆಲೆಯಲ್ಲಿ ಬಂದ ಮೊದಲ ಮಣ್ಣುದಾರಿಯ ಬೈಕುಗಳಲ್ಲಿ ಒಂದು. ಇಲ್ಲಿ ನಿಂತದ್ದು ಮಾದರಿ ಮಾತ್ರ, ಕಂಪನಿಯಲ್ಲ. ಎಂಜಿನ್ನು ಅದೇ ಕಂಪನಿಯ ಸಾಮಾನ್ಯ ಬೈಕುಗಳ ವಂಶದ್ದಾದ್ದರಿಂದ ಅದರ ಭಾಗಗಳಿಗೆ ಅಷ್ಟು ತೊಂದರೆಯಿಲ್ಲ. ಆದರೆ ಅದನ್ನು ಮಣ್ಣುದಾರಿಯ ಬೈಕನ್ನಾಗಿಸಿದ್ದ ಭಾಗಗಳು, ಅಂದರೆ ಉದ್ದನೆಯ ಮುಂಫೋರ್ಕು, ಹಿಂದಿನ ಮಾನೋಶಾಕ್, ಎತ್ತರದ ಮಡ್‌ಗಾರ್ಡು, ಆ ಸಾಮಾನ್ಯ ಬೈಕುಗಳೊಂದಿಗೆ ಹಂಚಿಕೊಂಡಂಥವಲ್ಲ. ಕಲ್ಲಿನ ಜಾಡಿನಲ್ಲಿ ಮೊದಲು ಸವೆಯುವುದು ಇವೇ, ಅಂಗಡಿಯಿಂದ ಮೊದಲು ಕಾಣೆಯಾಗುವುದೂ ಇವೇ. ವಿಶೇಷ ಉದ್ದೇಶಕ್ಕೆ ಮಾಡಿದ ಯಂತ್ರವನ್ನು ತಯಾರಕರು ಕೈಬಿಟ್ಟಾಗ ಅದು ಮೊದಲು ಕಳೆದುಕೊಳ್ಳುವುದು ಆ ವಿಶೇಷತೆಯನ್ನೇ. ಸ್ಪೇನಿನ ಬುಲ್ಟಾಕೊದಂಥ ಹೆಸರಾಂತ ಮಣ್ಣುದಾರಿಯ ಬ್ರಾಂಡು 1983ರಲ್ಲಿ ಮುಚ್ಚಿದ ಮೇಲೂ ಅದರ ಬೈಕುಗಳು ಯುರೋಪಿನಲ್ಲಿ ಓಡುತ್ತಿರುವುದು ನಿಜ. ಅಲ್ಲಿ ಹಳೆಯ ಭಾಗಗಳನ್ನು ಮತ್ತೆ ಎರಕ ಹೊಯ್ದು ಮಾರುವವರನ್ನು ಸಾಕುವಷ್ಟು ಹಣ ಹವ್ಯಾಸಿಗಳ ಬಳಿ ಇದೆ. ಜೀವನೋಪಾಯಕ್ಕೆ ಬೈಕು ಇಟ್ಟುಕೊಂಡವರ ಬೆನ್ನಿಗೆ ಅಂಥ ಮಾರುಕಟ್ಟೆ ಇಲ್ಲ.

ಹವ್ಯಾಸಿಗಳ ಆಸಕ್ತಿ ಯೆಜ್ಡಿಗೂ ದೊಡ್ಡ ಉಪಕಾರ ಮಾಡಿದೆ ಎಂಬುದನ್ನು ಒಪ್ಪಲೇಬೇಕು. ಜುಲೈ ತಿಂಗಳ ಎರಡನೆಯ ಭಾನುವಾರ ಮೈಸೂರು, ಬೆಂಗಳೂರುಗಳಲ್ಲಿ ಜಾವಾ-ಯೆಜ್ಡಿ ದಿನವೆಂದು ಹಳೆಯ ಬೈಕುಗಳನ್ನು ಸಾಲಾಗಿ ಹೊರಡಿಸುವವರ ಬೇಡಿಕೆಯಿಂದಾಗಿಯೇ ಅನೇಕ ಭಾಗಗಳು ಇಂದಿಗೂ ತಯಾರಾಗುತ್ತಿವೆ. ಆದರೆ ಅದೇ ಬೇಡಿಕೆ ಬೈಕಿನ ಬೆಲೆಯನ್ನೂ ಏರಿಸಿ, ಹಳ್ಳಿಯ ಕೊಟ್ಟಿಗೆಯಿಂದ ಪಟ್ಟಣದ ಗ್ಯಾರೇಜಿಗೆ ಅದು ವಲಸೆ ಹೋಗುವಂತೆಯೂ ಮಾಡುತ್ತದೆ. ಹವ್ಯಾಸಕ್ಕೂ ದಿನಬಳಕೆಗೂ ನಡುವಿನ ಈ ಒಡಕನ್ನೇ ಕಾನೂನು ಕೂಡ ಗಟ್ಟಿಮಾಡಿದೆ. ಮೋಟಾರು ವಾಹನ ಕಾಯ್ದೆಯಂತೆ ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಗೊಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು, ಅದರ ಶುಲ್ಕ 2022ರಲ್ಲಿ 300 ರೂಪಾಯಿಯಿಂದ 1,000ಕ್ಕೆ ಏರಿತು, ಹಸಿರು ತೆರಿಗೆ ಬೇರೆ. ಇನ್ನೊಂದೆಡೆ 2021ರ ನಿಯಮಗಳು 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳನ್ನು ವಿಂಟೇಜ್ ಎಂದು ಗೌರವಿಸುತ್ತವೆ. ಷರತ್ತೆಂದರೆ ಅವನ್ನು ದಿನಬಳಕೆಗೆ ಓಡಿಸುವಂತಿಲ್ಲ. ಹೀಗೆ ಹಳೆಯ ವಾಹನಕ್ಕೆ ಕಾನೂನು ಎರಡೇ ರೂಪಗಳನ್ನು ಕಾಣುತ್ತದೆ: ಗುಜರಿಗೆ ಹತ್ತಿರವಾಗುತ್ತಿರುವ ಹೊರೆ, ಇಲ್ಲವೇ ನೋಡಿ ಮೆಚ್ಚಬೇಕಾದ ಪ್ರದರ್ಶನದ ವಸ್ತು. ಹಳೆಯದಾಗಿಯೂ ದಿನವೂ ದುಡಿಯುವ ವಾಹನಕ್ಕೆ ಅಲ್ಲಿ ಹೆಸರಿಲ್ಲ.

ಇದಕ್ಕಿಂತಲೂ ಆಳದ ಕೊರತೆಯೊಂದು ಕಂಪನಿಯ ಸಮಾಪನೆಯಲ್ಲಿದೆ. ಸಮಾಪನೆಯೆಂದರೆ ಮುಚ್ಚಿದ ಕಂಪನಿಯ ಆಸ್ತಿಯನ್ನು ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಮಾರಿ ಸಾಲ ಕೊಟ್ಟವರಿಗೂ ಕಾರ್ಮಿಕರಿಗೂ ಹಂಚುವ ಪ್ರಕ್ರಿಯೆ. ನೆಲ, ಕಟ್ಟಡ, ಯಂತ್ರಗಳಿಗೆ ಅಲ್ಲಿ ಬೆಲೆಯಿದೆ. ಬ್ರಾಂಡಿನ ಹೆಸರಿಗೂ ಬೆಲೆಯಿದೆ. ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ಡಿಯನ್ನೂ ಮರಳಿ ತಂದದ್ದು, ಯೆಜ್ಡಿ ಎಂಬ ಹೆಸರು ಯಾರದೆಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನವರೆಗೆ ಹೋದದ್ದು ಆ ಬೆಲೆ ಎಷ್ಟೆಂಬುದಕ್ಕೆ ಸಾಕ್ಷಿ. ಹೊಸ ಯೆಜ್ಡಿಗಳಲ್ಲಿ ಅಡ್ವೆಂಚರ್ ಎಂಬ ಮಣ್ಣುದಾರಿಯ ಬೈಕೂ ಉಂಟು. ಆದರೆ ಅವು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್ನಿನವು, ಹಳೆಯ ಎಂಜಿನ್ನಿಗೆ ಅವುಗಳ ಭಾಗ ಕೂರುವುದಿಲ್ಲ. ಹೆಸರಿಗೆ ವಾರಸುದಾರರಿದ್ದಾರೆ, ಹೊಣೆಗೆ ಇಲ್ಲ. ನಕ್ಷೆಗಳು, ಅಳತೆಗಳು, ಲೋಹದ ಮಿಶ್ರಣದ ವಿವರಗಳು ಆಸ್ತಿಯ ಪಟ್ಟಿಯಲ್ಲಿ ಬಿಡಿಗಾಸು ತಾರದ ಕಾಗದಗಳು. ಬೈಕು ಇಟ್ಟುಕೊಂಡ ಸಾವಿರಾರು ಜನರಿಗೆ ಅವೇ ಬೆಲೆಬಾಳುವಂಥವು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿ ಚರ್ಚೆಗೆ ತಂದ ದುರಸ್ತಿಯ ಹಕ್ಕು, ಅಂದರೆ ಕೈಪಿಡಿ ಮತ್ತು ಬಿಡಿಭಾಗಗಳನ್ನು ಕೊಳ್ಳುಗನಿಗೂ ಹೊರಗಿನ ಮೆಕ್ಯಾನಿಕ್ಕಿಗೂ ಒದಗಿಸಬೇಕೆಂಬ ತತ್ತ್ವ, ವಾಹನಗಳನ್ನೂ ಒಳಗೊಂಡಿದೆ. ಆದರೆ ಕೇಳಿದರೆ ಕೊಡಲು ಕಂಪನಿಯೊಂದು ಇದೆಯೆಂಬ ನಂಬಿಕೆಯ ಮೇಲೆ ಅದು ನಿಂತಿದೆ. ಆದ್ದರಿಂದ ಕಂಪನಿ ಸಮಾಪನೆಗೆ ಹೋದ ಕೂಡಲೇ ಅದರ ವಾಹನಗಳ ನಕ್ಷೆ, ಅಳತೆಗಳು ಸಾರ್ವಜನಿಕವಾಗಬೇಕು, ಬ್ರಾಂಡಿನ ಹೆಸರನ್ನು ಕೊಳ್ಳುವವರು ಹಳೆಯ ವಾಹನಗಳ ಮುಖ್ಯ ಭಾಗಗಳನ್ನು ನಿಗದಿತ ಕಾಲ ಪೂರೈಸಬೇಕು ಎಂಬ ಷರತ್ತು ನ್ಯಾಯಸಮ್ಮತವಾಗಿಯೇ ಇರುತ್ತದೆ; ಹೆಸರಿಗೆ ಬೆಲೆ ಬಂದದ್ದೇ ಆ ಹಳೆಯ ಬೈಕುಗಳನ್ನು ಓಡಿಸಿಕೊಂಡು ಬಂದವರಿಂದ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಹೊಗೆಯದು ಗಂಭೀರವಾದದ್ದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಇಂಧನ ಒಳಬರುವ ಕಿಂಡಿಯೂ ಹೊಗೆ ಹೊರಹೋಗುವ ಕಿಂಡಿಯೂ ಒಟ್ಟಿಗೆ ತೆರೆದಿರುವ ಗಳಿಗೆಯೊಂದು ಇರುವುದರಿಂದ ಉರಿಯದ ಪೆಟ್ರೋಲಿನ ಒಂದು ಪಾಲು ಎಣ್ಣೆಯ ಸಮೇತ ಗಾಳಿಗೆ ಸೇರುತ್ತದೆ. ಈ ಸೀಮೆಯಲ್ಲಿ ಆ ಗಾಳಿ ಸಂರಕ್ಷಿತ ಕಾಡಿನದು. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ 906 ಚದರ ಕಿಲೋಮೀಟರಿನ ವನ್ಯಧಾಮವಾಗಿದೆ. ನೆರೆಯ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ. ಇಂಥಲ್ಲಿ ಸಾಹಸಕ್ಕೆಂದು ಬೈಕು ನುಗ್ಗಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ, ಬೈಕು ಹಳೆಯದಿರಲಿ ಹೊಸದಿರಲಿ. ಆದರೆ ಅದೇ ಜಾಡಿನಲ್ಲಿ ತಮ್ಮ ಊರಿಗೆ ಹೋಗಲೇಬೇಕಾದ, ಈ ಕಾಡಿನ ಸಮುದಾಯಗಳಾದ ಸೋಲಿಗರನ್ನೂ ಬೇಡಗಂಪಣರನ್ನೂ ಮೋಜಿನ ಸವಾರರ ಸಾಲಿಗೆ ಸೇರಿಸಲಾಗದು. ಹಳೆಯ ಎಂಜಿನ್ನನ್ನು ಸುಸ್ಥಿತಿಯಲ್ಲಿಡಲು ಬೇಕಾದ ಭಾಗ ಸಿಗದಿದ್ದರೆ ಮೊದಲು ಹೊಗೆ ಹೆಚ್ಚುತ್ತದೆಯೇ ಹೊರತು ಬೈಕು ಕೂಡಲೇ ನಿಂತುಹೋಗುವುದಿಲ್ಲ.

ಯೆಜ್ಡಿಯ ಪಾಠ ಹೆಚ್ಚು ಬೇಕಾಗುವುದು ಇನ್ನು ಮುಂದೆ. ಹೊಗೆಯಿಲ್ಲದ ವಿದ್ಯುತ್ ಬೈಕು ಈ ಕಾಡಿನ ಊರುಗಳಿಗೆ ನಿಜಕ್ಕೂ ಒಪ್ಪುವ ವಾಹನ. ಆದರೆ ಅದರ ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಫಲಕವೂ, ಮೋಟಾರನ್ನು ಆಳುವ ತಂತ್ರಾಂಶವೂ ಕಂಪನಿಯ ಬೀಗದೊಳಗಿರುತ್ತವೆ. ಕೊಳ್ಳೇಗಾಲದ ಎಷ್ಟೇ ನುರಿತ ಲೇತಿನವರೂ ಅವನ್ನು ಬೋರ್ ಮಾಡಿ ಕೊಡಲಾರರು, ಕಂಪನಿ ಮುಚ್ಚಿದರೆ ಬೈಕಿನ ಬಳಕೆಯ ಒಡೆತನ ಮೂವತ್ತು ವರ್ಷಗಳಲ್ಲಲ್ಲ, ಬ್ಯಾಟರಿಯ ಆಯುಸ್ಸಿನೊಳಗೇ ಮುಗಿಯುತ್ತದೆ. ಸರ್ಕಾರ ಇಂಥ ವಾಹನಗಳಿಗೆ ಸಹಾಯಧನ ಕೊಡುವಾಗಲೇ ಅವುಗಳ ತಂತ್ರಾಂಶದ ಕೀಲಿಯನ್ನೂ ಬ್ಯಾಟರಿಯ ವಿನ್ಯಾಸವನ್ನೂ ಒಂದು ಸಾರ್ವಜನಿಕ ಸಂಸ್ಥೆಯಲ್ಲಿ ಠೇವಣಿ ಇಡಿಸಿಕೊಂಡು, ತಯಾರಕರು ಹಿಂದೆ ಸರಿದ ದಿನ ಅದನ್ನು ತೆರೆಯುವ ನಿಯಮ ಮಾಡುವುದು ಈಗಲೇ ಸಾಧ್ಯ. ವಾಹನಗಳು ಬೆಟ್ಟ ಹತ್ತಿದ ಮೇಲೆ, ಕಂಪನಿ ಸಮಾಪನೆಗೆ ಹೋದ ಮೇಲೆ ಅದನ್ನು ಕೇಳಲು ಎದುರಿಗೆ ಯಾರೂ ಇರುವುದಿಲ್ಲ.