ಶೋಕೇಸಿಗೆ ಶೇಕರ್, ಅಟ್ಟಕ್ಕೆ ಕತ್ತಿ

ಮನೆಯಲ್ಲೇ ಕಾಕ್‌ಟೇಲ್ ಬೆರೆಸುವವರಿಗೆ ಯಾವ ಯಾವ ಸಲಕರಣೆ ಬೇಕು ಎಂಬ ಪಟ್ಟಿಗಳು ಈಗ ಎಲ್ಲೆಂದರಲ್ಲಿ ಸಿಗುತ್ತವೆ. ಶೇಕರ್, ಜಿಗ್ಗರ್, ಸ್ಟ್ರೇನರ್, ಮಡ್ಲರ್, ತಿರುಚಿದ ಕಾಂಡದ ಉದ್ದನೆಯ ಚಮಚ, ಇವನ್ನೆಲ್ಲ ನಿಲ್ಲಿಸಲು ಒಂದು ಮರದ ಸ್ಟ್ಯಾಂಡು. ಕುಂದಾಪುರ, ಬ್ರಹ್ಮಾವರದ ಕಡೆ ನನ್ನ ಓರಗೆಯವರ ಮನೆಒಕ್ಕಲಿಗೆ ಇಂಥ ಪೆಟ್ಟಿಗೆ ಉಡುಗೊರೆಯಾಗಿ ಬಂದದ್ದನ್ನು ಕಂಡಿದ್ದೇನೆ. ಮೊದಲಾದರೆ ಬಾಟಲಿಯನ್ನು ಬೀರುವಿನಲ್ಲಿ ಬಟ್ಟೆಯ ಹಿಂದೆ ಅಡಗಿಸಿಡುತ್ತಿದ್ದರು. ಈಗ ಅದು ಹಾಲ್‌ನ ಶೋಕೇಸಿನಲ್ಲಿ, ಯಕ್ಷಗಾನದ ಕಿರೀಟದ ಮಾದರಿಯ ಪಕ್ಕದಲ್ಲಿದೆ. ಬಚ್ಚಿಡದೆ ಇರುವುದು ಒಳ್ಳೆಯದೇ. ನನ್ನ ಜಗಳ ಕುಡಿಯುವವರ ಜೊತೆ ಅಲ್ಲ, ಆ ಪೆಟ್ಟಿಗೆಯ ಜೊತೆ.

ಮೊದಲು ಸಾಮಾನಿನ ಲೆಕ್ಕ ಮುಗಿಸೋಣ. ಅದರಲ್ಲಿ ನಿಜಕ್ಕೂ ಬೇಕಾದ್ದು ಅಳತೆಯ ಬಟ್ಟಲು ಒಂದೇ. ನಮ್ಮಲ್ಲಿ ಸಣ್ಣ ಪೆಗ್ ಅಂದರೆ 30 ಮಿಲಿ, ದೊಡ್ಡದು 60. ಕಣ್ಣಳತೆಯಲ್ಲಿ ಸುರಿದ ಅರವತ್ತು ಅರವತ್ತರಲ್ಲಿ ನಿಲ್ಲುವುದು ಕಡಿಮೆ. ಹುಳಿ, ಸಿಹಿ, ಮದ್ಯ ಈ ಮೂರರ ಪ್ರಮಾಣ ತಪ್ಪಿತೋ, ಎಷ್ಟು ಚಂದದ ಹೆಸರಿಟ್ಟರೂ ಅದು ಕಷಾಯ. ಇದಕ್ಕೆ ಕೆಮ್ಮಿನ ಸಿರಪ್ಪಿನ ಜೊತೆ ಬರುವ ಗೆರೆ ಹಾಕಿದ ಮುಚ್ಚಳವೂ ಸಾಕಾಗುತ್ತದೆ. ನಮ್ಮ ಅಜ್ಜಿಯಂದಿರು ಹಾಲು, ಎಣ್ಣೆಯನ್ನು ಕುಡ್ತೆಯಲ್ಲಿ ಅಳೆದವರು. ಅಳತೆಯ ವಿದ್ಯೆ ಜಿಗ್ಗರಿನ ಜೊತೆ ಹಡಗಿನಿಂದ ಇಳಿದದ್ದಲ್ಲ.

ಶೇಕರಿನ ಗುಟ್ಟೂ ದೊಡ್ಡದಲ್ಲ. ಮಂಜುಗಡ್ಡೆ ಕರಗುವಾಗ ಶಾಖ ಹೀರಿಕೊಳ್ಳುತ್ತದೆ, ಪಾನೀಯ ತಣ್ಣಗಾಗುತ್ತದೆ, ಕರಗಿದ ನೀರು ಅದರ ಘಾಟನ್ನು ಇಳಿಸುತ್ತದೆ. ನಿಂಬೆರಸ ಇದ್ದರೆ ಕುಲುಕಬೇಕು, ಬರೀ ಮದ್ಯಗಳ ಬೆರಕೆಯಾದರೆ ಚಮಚದಲ್ಲಿ ತಿರುವಿದರೆ ಮುಗಿಯಿತು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಈ ಕೆಲಸ ಮಾಡುತ್ತದೆ, ಮುಚ್ಚಳದ ಮೇಲೆ ಒಂದು ಕೈ ಇರಲಿ. ಸೋಸಲು ಚಾ ಸೋಸುವ ಜಾಲರಿ. ಪುದೀನವನ್ನು ಮೆಲ್ಲಗೆ ಒತ್ತಬೇಕು, ಅರೆದರೆ ಕಹಿಯಾಗುತ್ತದೆ. ಅದಕ್ಕೆ ಮಡ್ಲರ್ ಯಾಕೆ, ಕಡಗೋಲಿನ ಬುಡ ಇಲ್ಲವೇ? ಮಂಜುಗಡ್ಡೆ ಮಾತ್ರ ಮನೆಯ ಫ್ರಿಜ್ಜಿನದ್ದೇ ಇರಲಿ, ಗಂಗೊಳ್ಳಿ ಬಂದರಿನದ್ದು ಬಂಗುಡೆಗೆ ಮೀಸಲು.

ಇಷ್ಟು ಸರಳವಾದದ್ದಕ್ಕೆ ಒಂದು ಪೆಟ್ಟಿಗೆ ಸಾಮಾನು ಯಾಕೆ? ಅಲ್ಲಿ ಮಾರಾಟವಾಗುತ್ತಿರುವುದು ಮರ್ಯಾದೆ ಎಂಬುದು ನನ್ನ ವಾದ. ಹೊಳೆಯುವ ಸ್ಟೀಲು ಕುಡಿತದಿಂದ ಗಡಂಗಿನ ವಾಸನೆಯನ್ನು ತೊಳೆದು ಕೊಡುತ್ತದೆ. ಶೇಕರ್ ಹಿಡಿದವನು ಕುಡುಕ ಅಲ್ಲ, ಅಭಿರುಚಿ ಉಳ್ಳವನು. 1862ರಲ್ಲಿ ಅಮೆರಿಕದ ಜೆರ್ರಿ ಥಾಮಸ್ ಪಾನೀಯ ಬೆರೆಸುವ ಕ್ರಮಗಳ ಪುಸ್ತಕ ಪ್ರಕಟಿಸಿದ. ಅಂದಿನಿಂದ ಬೆರೆಸುವವನಿಗೆ ಹೆಸರು, ಪದವಿ, ಸಲಕರಣೆಗೆ ಶಾಸ್ತ್ರ ಎಲ್ಲ ಬಂತು. ಆಗಲಿ. ಆದರೆ ನಮ್ಮ ಊರಿನಲ್ಲಿ ಪಾನೀಯ ತಯಾರಿಸುವ ಒಂದು ಪೂರ್ಣ ವಿದ್ಯೆ, ಅದರದ್ದೇ ಸಲಕರಣೆಯ ಸಮೇತ ಇತ್ತು. ಅದಕ್ಕೆ ಸಿಕ್ಕಿದ್ದೇನು?

ನನ್ನ ಅಜ್ಜಯ್ಯ ಬೈಂದೂರಿನ ಕಡೆ ಮೂರ್ತೆ ಮಾಡುತ್ತಿದ್ದರು. ಇನ್ನೂ ಬಿರಿಯದ ತೆಂಗಿನ ಹೊಂಬಾಳೆಯನ್ನು ಹಗ್ಗದಲ್ಲಿ ಬಿಗಿದು ಕಟ್ಟಬೇಕು. ದಿನವೂ ಹದವಾಗಿ ಬಡಿಯಬೇಕು. ಜೋರಾಗಿ ಬಡಿದರೆ ಹೊಂಬಾಳೆ ಒಡೆದು ಹಾಳು, ಮೆಲ್ಲಗಾದರೆ ರಸ ಇಳಿಯದು. ಆಮೇಲೆ ತುದಿಯನ್ನು ಬೆಳಿಗ್ಗೆ, ಸಂಜೆ ಕೂದಲೆಳೆಯಷ್ಟು ಕೆತ್ತಬೇಕು. ಆ ಕತ್ತಿಯ ಬಾಯಿ ಸ್ವಲ್ಪ ಮೊಂಡಾದರೂ ರಸದ ದಾರಿ ಮುಚ್ಚುತ್ತದೆ. ಪಾತ್ರೆಯ ಒಳಗೆ ಸುಣ್ಣ ಬಳಿದರೆ ಹುಳಿಯುವುದು ತಡವಾಗಿ ಸಿಹಿಯಾದ ನೀರಾ, ಬಳಿಯದಿದ್ದರೆ ಗಾಳಿಯಲ್ಲಿರುವ ಯೀಸ್ಟ್ ತನ್ನ ಕೆಲಸ ಶುರುಮಾಡಿ ಕಳ್ಳು. ಇನ್ನೂ ಬಿಟ್ಟರೆ ವಿನೆಗರ್. ಕರಾವಳಿಯ ಕ್ರೈಸ್ತರ ಮನೆಯ ಸಾನ್ನ ಉಬ್ಬುತ್ತಿದ್ದದ್ದೂ ಇದೇ ಕಳ್ಳಿನಿಂದ. ಇಷ್ಟೆಲ್ಲ ನಡೆಯುವುದು ನೆಲದಿಂದ ಐವತ್ತು ಅರವತ್ತು ಅಡಿ ಮೇಲೆ, ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು, ಮಳೆಗಾಲದ ಪಾಚಿಯ ಮರದಲ್ಲಿ. ಇದನ್ನು ಮಿಕ್ಸಾಲಜಿ ಎಂದು ಯಾರೂ ಕರೆಯಲಿಲ್ಲ. ಜಾತಿಯ ಹೆಸರಿನಿಂದ ಕರೆದರು.

ಕಾನೂನೂ ಬೇರೆ ಕಣ್ಣಿನಿಂದ ನೋಡಿತು. 1956ರವರೆಗೆ ನಮ್ಮ ಸೀಮೆ ಮದರಾಸಿಗೆ ಸೇರಿತ್ತು. 1937ರಲ್ಲಿ ಸೇಲಂನಲ್ಲಿ ಆರಂಭವಾದ ಪಾನನಿಷೇಧ 1948ರಲ್ಲಿ ಪ್ರಾಂತ್ಯಕ್ಕೆಲ್ಲ ಹಬ್ಬಿತು. ಅಜ್ಜಯ್ಯನಂಥವರ ಕಸುಬು ಅಪರಾಧವಾದದ್ದು ಹಾಗೆ. ಮುಂದೆ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಸಾರಾಯಿ ಮುಳುಗಿಸಿದ ಮನೆಗಳನ್ನು ನೋಡಿದ ಹೆಂಗಸರ ಸಿಟ್ಟು ನ್ಯಾಯವಾದದ್ದು, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಬಡವನ ಪ್ಯಾಕೆಟ್ ನಿಷಿದ್ಧ, ಉಳ್ಳವನ ಬಾಟಲಿ ಖಜಾನೆಗೆ ಆದಾಯ ಎಂಬ ಲೆಕ್ಕ ನೀತಿಯದ್ದಲ್ಲ. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಶೇಂದಿ ಮೂರ್ತೆದಾರರ ಸಹಕಾರಿ ಸಂಘಗಳ ಆಸರೆಯಲ್ಲಿ ಉಸಿರಾಡುತ್ತಿದೆ. ಮರ ಹತ್ತುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಪಕ್ಕದ ಗೋವಾ ತನ್ನ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಪಡೆಯಿತು. ಈಗ ಅದು ಕಾಕ್‌ಟೇಲಿನ ಗ್ಲಾಸಿಗೂ ಇಳಿದಿದೆ. ಕುಂದಾಪುರ, ಬೈಂದೂರಿನ ಗುಡ್ಡೆಗಳಲ್ಲಿ ಬೀಜ ತಿರುಪಿ ತೆಗೆದು ಬಿಸಾಡಿದ ಗೇರುಹಣ್ಣು ಮೇ ತಿಂಗಳಲ್ಲಿ ನೊಣ ಮುತ್ತಿ ಕೊಳೆಯುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದು ನಮ್ಮ ಮನೆಯಿಂದಲೇ ಬಂದದ್ದು. 1912ರಲ್ಲಿ ಕುದ್ರೋಳಿಯಲ್ಲಿ ದೇವಸ್ಥಾನ ಪ್ರತಿಷ್ಠಾಪಿಸಿದ ನಾರಾಯಣ ಗುರುಗಳೇ ಕಳ್ಳನ್ನು ಇಳಿಸಬೇಡಿ, ಮಾರಬೇಡಿ, ಕುಡಿಯಬೇಡಿ ಎಂದವರು. ಬಿಲ್ಲವರು ಮರದಿಂದ ಇಳಿದದ್ದು ಶಾಲೆಗೆ ಹೋಗಲಿಕ್ಕೆ. ನಾನು ಪಿಎಚ್‌ಡಿ ಮಾಡುತ್ತಿರುವುದೂ ಆ ಇಳಿತದ ಫಲ. ಕತ್ತಿಯ ಬಗ್ಗೆ ಕೇಳಲು ಹೋದಾಗ ಮಾವ, "ಅದ್ನೆಲ್ಲ ಬರೂಕ್ ಹೋಯ್ಬೇಡ ಮಗಾ" ಎಂದರು. ಅವರ ಮುಜುಗರ ನನಗೆ ಅರ್ಥವಾಗುತ್ತದೆ. ಯಾರನ್ನೂ ಮತ್ತೆ ಮರ ಹತ್ತಿಸಬೇಕೆಂದು ನಾನು ಹೇಳುತ್ತಿಲ್ಲ. ಕಸುಬು ಬಿಡುವುದಕ್ಕೂ ಕಸುಬಿನ ಜ್ಞಾನಕ್ಕೆ ನಾಚುವುದಕ್ಕೂ ವ್ಯತ್ಯಾಸವಿದೆ. ಆ ನಾಚಿಕೆಯನ್ನು ನಮಗೆ ಹೇರಿದವರ ಮೊಮ್ಮಕ್ಕಳೇ ಇಂದು ತಾಮ್ರದ ಜಿಗ್ಗರ್ ಹಿಡಿದು ಫೋಟೋ ಹಾಕುತ್ತಿದ್ದಾರೆ ಎಂಬುದು ನನ್ನ ಸಿಟ್ಟು.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವೂ ಇದರಿಂದ ಹೊರಗಿಲ್ಲ. ಶಿವರಾಮ ಕಾರಂತರ ಚೋಮ ಕುಡಿಯುವುದರ ಬಗ್ಗೆ ಪುಟಗಟ್ಟಲೆ ಬರೆದಿದ್ದೇವೆ. ಆ ಕಳ್ಳು ಯಾವ ಮರದ್ದು, ಇಳಿಸಿದ ಕೈ ಯಾರದು ಎಂದು ನಾನು ಕೂತ ಯಾವ ಸೆಮಿನಾರಿನಲ್ಲೂ ಪ್ರಶ್ನೆ ಎದ್ದಿಲ್ಲ. ಆಸಾಡಿ ಅಮಾಸಿಯ ದಿನ ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುತ್ತೇವೆ. ಹಳೆಯ ತಿಂಡಿ, ಹಳೆಯ ಆಟ, ಹಳೆಯ ಪಾತ್ರೆಗಳನ್ನು ಸಾಲಾಗಿ ಜೋಡಿಸುತ್ತೇವೆ. ನಾನು ನೋಡಿದ ಪ್ರದರ್ಶನಗಳಲ್ಲಿ ಕಡಗೋಲು ಇತ್ತು, ನೇಗಿಲು ಇತ್ತು, ಮೂರ್ತೆಯ ಕತ್ತಿ ಇರಲಿಲ್ಲ.

ಹಾಗಾಗಿ ಉಡುಗೊರೆ ಕೊಡುವ ಸ್ನೇಹಿತರಲ್ಲಿ ನನ್ನ ಬೇಡಿಕೆ ಸಣ್ಣದು. ಕುಡಿಯುವ ವಯಸ್ಸು, ಮನಸ್ಸು ಎರಡೂ ಇದ್ದವರಿಗೆ ಒಂದು ಅಳತೆಯ ಬಟ್ಟಲು ಕೊಡಿ, ಪೆಟ್ಟಿಗೆ ಬೇಡ. ಮುಂದಿನ ಅಮಾಸಿಗೆ ಪ್ರದರ್ಶನ ಜೋಡಿಸುವವರು ನಮ್ಮ ಮನೆಗೆ ಬಂದರೆ ಅಟ್ಟದಲ್ಲಿ ಗೋಣಿಯಲ್ಲಿ ಸುತ್ತಿಟ್ಟ ಕತ್ತಿ ಇದೆ, ಹಿಡಿಯ ಹತ್ತಿರ ಸ್ವಲ್ಪ ತುಕ್ಕು ಬಿಟ್ಟರೆ ಬಾಯಿ ಚೆನ್ನಾಗಿದೆ. ಮಾವನನ್ನು ನಾನು ಒಪ್ಪಿಸುತ್ತೇನೆ. ಅದರ ಪಕ್ಕದ ಚೀಟಿಯಲ್ಲಿ ಕಸುಬಿನ ಹೆಸರನ್ನು ಪೂರ್ತಿಯಾಗಿ ಬರೆಯಬೇಕು, ಅಷ್ಟೇ.